ಡುಲ್ಸಿನ್ ಟೀಚರರ ಮರಳಿನ ಮದ್ದು

ಡುಲ್ಸಿನ್ ಟೀಚರ್ ಸುಳ್ಳು ಹೇಳಲು ಕಲಿತದ್ದು ನಿವೃತ್ತಿಗೆ ಇನ್ನು ಕೆಲವೇ ವರ್ಷ ಉಳಿದಿದ್ದಾಗ, ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ, ಗೋಡೆಗೆ ತೂಗು ಹಾಕಿದ ಯೇಸುವಿನ ಪಟದ ಎದುರೇ. ಅಲ್ಲಿಯವರೆಗೆ ಅವರು ನಿಜವನ್ನೇ ಹೇಳಿಕೊಂಡು ಬಂದಿದ್ದರು. ಹಾಗಾಗಿ ಅವರ ಮಾತನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

ಪಂಪ್‌ವೆಲ್ ಬಸ್ ಸ್ಟಾಪಿನಿಂದ ನಡೆದೇ ಹೋಗಬಹುದಾದ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಅವರು ಯುಕೆಜಿ ಮಕ್ಕಳ ಟೀಚರ್. ಮದುವೆಯಾದ ವರ್ಷ ಸೇರಿದವರು. ಮೊಣಕಾಲೆತ್ತರದ ಬೆಂಚುಗಳ ನಡುವೆ ಬೆನ್ನು ಬಗ್ಗಿಸಿಕೊಂಡೇ ತಲೆ ನರೆಯಿತು. ಐದು ವರ್ಷದ ಮಕ್ಕಳು ಬರೆಯಲು ಕಲಿಯುವಾಗ ಏನೇನು ಮಾಡುತ್ತಾರೆಂದು ಅವರಿಗೆ ಗೊತ್ತಿತ್ತು. ಇಂಗ್ಲಿಷಿನ ಚಿಕ್ಕ ಬಿ ಬರೆ ಎಂದರೆ ಡಿ ಬರೆಯುತ್ತಾರೆ. ಎಸ್ ಹಿಂದುಮುಂದಾಗುತ್ತದೆ. ಮೂರರ ಹೊಟ್ಟೆ ಬೆನ್ನಿಗೆ ಹೋಗುತ್ತದೆ. ಕನ್ನಡದ ನಕಾರದ ಬಾಲ ಆಚೆ ತಿರುಗುವ ಬದಲು ಈಚೆ ತಿರುಗುತ್ತದೆ. ಮಗುವಿನ ಮಟ್ಟಿಗೆ ಚಮಚ ಎತ್ತ ತಿರುಗಿಸಿದರೂ ಚಮಚವೇ, ಚಪ್ಪಲಿ ಎತ್ತ ತಿರುಗಿಸಿದರೂ ಚಪ್ಪಲಿಯೇ. ತಿರುಗಿಸಿದ ಕೂಡಲೇ ಬೇರೆಯೇ ಆಗಿಬಿಡುವ ವಸ್ತು ಲೋಕದಲ್ಲಿ ಅಕ್ಷರವೊಂದೇ. ಈ ವಿಚಿತ್ರ ನಿಯಮ ತಲೆಗೆ ಹತ್ತಲು ಒಂದೆರಡು ವರ್ಷ ಹಿಡಿಯುತ್ತದೆ, ಅಷ್ಟೇ.

ಇದನ್ನೇ ಅವರು ಸುಪ್ರೀತಾಗೂ ಹೇಳಿದ್ದರು. ಸುಪ್ರೀತಾಳ ಮಗಳು ಮೋಕ್ಷಾ ಆ ವರ್ಷ ಯುಕೆಜಿಯಲ್ಲಿದ್ದಳು. ತನ್ನ ಹೆಸರನ್ನು ಬಲದಿಂದ ಎಡಕ್ಕೆ, ಒಂದೊಂದು ಅಕ್ಷರವನ್ನೂ ಮಗುಚಿ, ಕನ್ನಡಿ ಹಿಡಿದರೆ ಮಾತ್ರ ಓದಲು ಬರುವ ಹಾಗೆ ಅಚ್ಚುಕಟ್ಟಾಗಿ ಬರೆಯುತ್ತಿದ್ದಳು.

"ಇದು ಎಂತ ಟೀಚರ್?" ಎಂದು ಸುಪ್ರೀತಾ ಕೇಳಿದಳು.

"ಎಂತ ಇಲ್ಲಮ್ಮ. ಸುಮಾರು ಮಕ್ಕಳು ಹೀಗೇ ಬರೀತಾರೆ. ಏಳು ವರ್ಷ ಆಗುವಾಗ ಅದರಷ್ಟಕ್ಕೆ ಸರಿ ಆಗ್ತದೆ."

"ಅದರಷ್ಟಕ್ಕೆ ಸರಿ ಆಗುವುದಾದ್ರೆ ನೀವು ಇರುವುದು ಯಾಕೆ?"

ಈ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. ತಾಯಂದಿರ ವಾಟ್ಸಾಪ್ ಗುಂಪಿಗೆ ಹೋಯಿತು, ಅಲ್ಲಿ ಹಣ್ಣಾಯಿತು, ಅಲ್ಲಿಂದ ಹೆಡ್‌ಮಿಸ್ಟ್ರೆಸ್ ಮೇಜಿಗೆ ಬಂತು. ಡುಲ್ಸಿನ್ ಟೀಚರನ್ನು ಕರೆಸಿದರು. ಒಂದು ಕುರ್ಚಿಯಲ್ಲಿ ಸುಪ್ರೀತಾ, ಪಕ್ಕದಲ್ಲಿ ಗಂಡ ಲೀಲಾಧರ. ಅವನು ಪಣಂಬೂರು ಕಡಲ ಬದಿಯ ಮೀನುಗಾರ ಮೊಗವೀರರವನು. ಮನೆಯವರು ದೋಣಿ ಮಾರಿದ ಮೇಲೆ ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದ. ಪಾಪ, ಅರ್ಧ ದಿನ ರಜೆ ಹಾಕಿ ಬಂದಿದ್ದ.

"ಪೇರೆಂಟ್ಸ್‌ಗೆ ಏನಾದರೂ ಪರಿಹಾರ ಕೊಡಬೇಕಲ್ವಾ ಟೀಚರ್?" ಎಂದರು ಹೆಡ್‌ಮಿಸ್ಟ್ರೆಸ್. "ಏನೂ ಇಲ್ಲ ಅಂದರೆ ಹೇಗೆ?"

ಡುಲ್ಸಿನ್ ಟೀಚರಿಗೆ ಸಿಟ್ಟು ಬಂತು. ಅವರ ಸಿಟ್ಟು ಮುಖಕ್ಕೆ ಬರುವಂಥದಲ್ಲ. ಸಿಟ್ಟು ಬಂದಾಗ ಅವರ ಸ್ವರ ಇನ್ನೂ ಮೆತ್ತಗಾಗುತ್ತಿತ್ತು.

"ಮರಳು," ಎಂದರು.

"ಎಂತ?"

"ಸಮುದ್ರದ ಮರಳು. ಹೊಳೆಯ ಮರಳು ಆಗುವುದಿಲ್ಲ. ತೊಳೆದು, ಒಣಗಿಸಿ, ಒಂದು ತಟ್ಟೆಯಲ್ಲಿ ಹರಡಬೇಕು. ಸಂಜೆ ಮಗುವಿಗೆ ಸ್ನಾನ ಮಾಡಿಸಿ, ಮೂಡು ದಿಕ್ಕಿಗೆ ಮುಖ ಮಾಡಿ ಕೂರಿಸಿ, ಬೆರಳಿನಲ್ಲಿ ದೊಡ್ಡದಾಗಿ ಬರೆಸಬೇಕು. ಯಾರೂ ಬಯ್ಯಬಾರದು. ಬೈದರೆ ಪ್ರಯೋಜನ ಇಲ್ಲ."

ಬಯ್ಯಬಾರದು ಎಂಬುದೊಂದನ್ನು ಬಿಟ್ಟರೆ ಉಳಿದುದಕ್ಕೆಲ್ಲ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಆದರೆ ಕೋಣೆಯಲ್ಲಿ ಒಮ್ಮೆಲೇ ನೆಮ್ಮದಿ ಮೂಡಿತು. ಸುಪ್ರೀತಾ ಫೋನು ತೆಗೆದು ಎಲ್ಲವನ್ನೂ ಬರೆದುಕೊಂಡಳು. ಲೀಲಾಧರ ಮೊದಲ ಸಲ ಬಾಯಿ ಬಿಟ್ಟ: "ಸಮುದ್ರದ್ದೇ ಯಾಕೆ ಟೀಚರ್?"

"ಅದರಲ್ಲಿ ಉಪ್ಪು ಉಂಟಲ್ಲ," ಎಂದರು ಡುಲ್ಸಿನ್ ಟೀಚರ್.

"ಹೌದು ಹೌದು," ಎಂದು ಲೀಲಾಧರ ತಲೆಯಾಡಿಸಿದ. ತೊಳೆದ ಮರಳಿನಲ್ಲಿ ಉಪ್ಪು ಎಲ್ಲಿಂದ ಬರಬೇಕೆಂದು ಸಮುದ್ರದ ಬದಿಯಲ್ಲೇ ಹುಟ್ಟಿದ ಅವನೂ ಕೇಳಲಿಲ್ಲ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಮೋಕ್ಷಾ ತನ್ನ ಹೆಸರನ್ನು ಎಡದಿಂದ ಬಲಕ್ಕೆ, ನೆಟ್ಟಗೆ ಬರೆಯತೊಡಗಿದಳು. ಹೇಗೂ ಬರೆಯುವವಳೇ ಇದ್ದಳು. ಆದರೆ ಸುಪ್ರೀತಾ ಕೃತಜ್ಞತೆ ಬಲ್ಲ ಹೆಂಗಸು. ಯಾವ ವಾಟ್ಸಾಪ್ ಗುಂಪಿನಲ್ಲಿ ದೂರಿದ್ದಳೋ ಅದೇ ಗುಂಪಿನಲ್ಲಿ ಮಗಳ ಹಿಂದಿನ ಬರಹ, ಈಗಿನ ಬರಹ ಎರಡರ ಫೋಟೋವನ್ನೂ ಜೋಡಿಸಿ ಹಾಕಿ, ಕೆಳಗೆ ಕೈಮುಗಿದ ಚಿತ್ರಗಳ ಸಾಲನ್ನೇ ಇಟ್ಟಳು. ಮರಳು ಎಲ್ಲಿ ಸಿಗುತ್ತದೆಂದು ಕೇಳಿದವರಿಗೆ ಲೀಲಾಧರ ಪಣಂಬೂರಿನಿಂದ ಬೈಕಿನಲ್ಲಿ ಗೋಣಿಚೀಲ ಕಟ್ಟಿ ತಂದುಕೊಟ್ಟ. ಕಡಲ ದಡದ ಊರಿನಲ್ಲಿ ಜನ ಮರಳಿಗಾಗಿ ಅವನಿಗೆ ಫೋನು ಮಾಡಿ ಕಾಯತೊಡಗಿದರು.

ನಿವೃತ್ತಿಯಾದ ಮೇಲೆ ನಾಗುರಿಯ ಡುಲ್ಸಿನ್ ಟೀಚರರ ಮನೆ ಜಗಲಿ ಸಂಜೆ ಹೊತ್ತು ತುಂಬುತ್ತಿತ್ತು. ಕುಲಶೇಖರದಿಂದ, ಸುರತ್ಕಲ್‌ನಿಂದಲೂ ತಾಯಂದಿರು ಬರುತ್ತಿದ್ದರು. ಟೀಚರ್ ಯಾರಿಂದಲೂ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇದರಿಂದ ಮದ್ದಿನ ಮೇಲಿನ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಮನಸ್ಸು ಕಚ್ಚುತ್ತಿದ್ದುದರಿಂದ ಪ್ರತಿಯೊಬ್ಬರಿಗೂ ಮೊದಲು ಒಂದು ಸಲ ನಿಜ ಹೇಳಿಬಿಡುತ್ತಿದ್ದರು: "ನೋಡಿ, ಇದು ಎಂತ ಮಾಡದಿದ್ದರೂ ಸರಿ ಆಗ್ತದೆ."

ತಾಯಂದಿರು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. "ಟೀಚರಿಗೆ ಒಂಚೂರು ಅಹಂಕಾರ ಇಲ್ಲ ಅಲ್ವಾ?"

ಗಂಡ ಸಿಪ್ರಿಯನ್ ಪಣಂಬೂರಿನ ಗೊಬ್ಬರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಜಗಲಿಯ ಮೂಲೆಯಲ್ಲಿ ಪೇಪರು ಹಿಡಿದು ಕುಳಿತಿರುತ್ತಿದ್ದರು. ಎಲ್ಲರೂ ಹೋದ ಮೇಲೆ ಕೊಂಕಣಿಯಲ್ಲಿ ಹೆಂಡತಿಗೆ ಹೇಳುತ್ತಿದ್ದರು: "ಸರಿ ಮಾಡುವುದು ಕ್ಯಾಲೆಂಡರು, ಹೆಸರೆಲ್ಲ ನಿನಗೆ ಬರ್ತಾ ಉಂಟು, ಮಾರಾಯ್ತಿ."

ಹೀಗಿರುವಾಗ ಮಗಳು ಬ್ರೆಂಡಾ ಕುವೈಟ್‌ನ ನರ್ಸ್ ಕೆಲಸ ಬಿಟ್ಟು ಊರಿಗೆ ಬಂದಳು. ಗಂಡ ಅಲ್ಲೇ ಉಳಿದ. ಇಲ್ಲಿ ಅವಳಿಗೊಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಅವಳ ಮಗಳು ಮೆಲಿಸಾಗೆ ಆಗ ಆರು ವರ್ಷ. ಬಂದ ವಾರವೇ ಅಜ್ಜಿಗೆ ಒಂದು ಕಾರ್ಡು ಮಾಡಿಕೊಟ್ಟಳು. ಅದರಲ್ಲಿ 'ಗ್ರ್ಯಾನಿ' ಎಂದು ಇಂಗ್ಲಿಷಿನಲ್ಲಿ ಬರೆದ ಆರು ಅಕ್ಷರಗಳಲ್ಲಿ ಮೂರು ಉಲ್ಟಾ ಇದ್ದವು. ಅಜ್ಜಿ ಖುಷಿಯಿಂದ ಅದನ್ನು ಫ್ರಿಜ್ಜಿಗೆ ಅಂಟಿಸಿದರು. ಬ್ರೆಂಡಾ ಗಾಬರಿಯಾದಳು.

"ಎಂತ ಇಲ್ಲ. ಅದರಷ್ಟಕ್ಕೆ ಸರಿ ಆಗ್ತದೆ," ಎಂದರು ಡುಲ್ಸಿನ್.

"ಊರಿನ ಮಕ್ಕಳಿಗೆಲ್ಲ ಮರಳು, ನನ್ನ ಮಗಳಿಗೆ ಮಾತ್ರ ಅದರಷ್ಟಕ್ಕೆ?"

"ಮರಳಿನಲ್ಲಿ ಎಂತದೂ ಇಲ್ಲ, ಬ್ರೆಂಡಾ. ನಾನು ಸಿಟ್ಟಿನಲ್ಲಿ ಕಟ್ಟಿ ಹೇಳಿದ್ದು ಅದು."

"ಕಟ್ಟಿದ್ದಾದರೆ ಇಷ್ಟು ಮಕ್ಕಳಿಗೆ ಸರಿ ಆದದ್ದು ಹೇಗೆ?"

ಇದಕ್ಕೆ ಉತ್ತರ ಇತ್ತು, ಆದರೆ ಅದನ್ನು ಅವರು ಆಗಲೇ ಹೇಳಿಯಾಗಿತ್ತು. ಮನೆಯಲ್ಲಿ ಜಗಳ ಬೇಡವೆಂದು ಮೊಮ್ಮಗಳನ್ನೂ ಸಂಜೆ ತಟ್ಟೆಯ ಎದುರು ಕೂರಿಸಿದರು. ಮೆಲಿಸಾಗೆ ಆ ಆಟ ಇಷ್ಟವಾಯಿತು. ಮರಳಿನಲ್ಲಿ ಬಿ ಬರೆದಳು, ಡಿ ಬರೆದಳು, ಬಂಗುಡೆ ಮೀನೂ ಬರೆದಳು. ಏಳು ತುಂಬಿ ಒಂದಿಷ್ಟು ತಿಂಗಳಾಗುವಾಗ ಅವಳ ಅಕ್ಷರಗಳು ಬೇರೆಲ್ಲರ ಅಕ್ಷರಗಳ ಹಾಗೇ ನೆಟ್ಟಗಾದವು. ನೆಟ್ಟಗಾದದ್ದು ಮಾತ್ರವಲ್ಲ, ಮುತ್ತು ಪೋಣಿಸಿದ ಹಾಗಾದವು. ಎರಡನೇ ತರಗತಿಯಲ್ಲಿ ಚಂದದ ಬರಹಕ್ಕೆ ಬಹುಮಾನ ಬಂತು. ಬ್ರೆಂಡಾ ಅಮ್ಮನನ್ನು ತಬ್ಬಿಕೊಂಡು, "ಈಗಲೂ ಎಂತ ಇಲ್ಲ ಹೇಳ್ತೀರಾ ಮಮ್ಮಿ?" ಎಂದಳು.

ಆ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಮೆಲಿಸಾ ಅಜ್ಜಿಯ ಮಡಿಲಿಗೆ ಒರಗಿ ಶಾಲೆಯ ಇಂಗ್ಲಿಷ್ ಪಾಠಪುಸ್ತಕ ಓದುತ್ತಿದ್ದಳು. ಮೊಲ ಮತ್ತು ತೋಟದ ಕತೆ. ಭಾವ ತುಂಬಿ, ಕೈ ತಿರುಗಿಸಿ, ನಾಟಕದವರ ಹಾಗೆ ಓದುತ್ತಿದ್ದಳು. ಪುಟ ತಿರುಗಿಸಿದವರು ಅಜ್ಜಿ. ಹಲಸಿನ ಚಿಪ್ಸ್ ತಿಂದ ಬೆರಳಿಗೆ ಎಣ್ಣೆ ಅಂಟಿತ್ತು, ಎರಡು ಹಾಳೆ ಒಟ್ಟಿಗೇ ಮಗುಚಿತು. ಎದುರು ತೆರೆದ ಪುಟದಲ್ಲಿ ಮೊಲ ಮನೆಗೆ ಬಂದು ಮಲಗಿತ್ತು. ಮೆಲಿಸಾ ಮಾತ್ರ ತೋಟದಲ್ಲೇ ಇದ್ದಳು. ಬೇಲಿ ಹಾರುವುದು, ಕ್ಯಾರೆಟ್ ಕೀಳುವುದು, ಮಾಲಿ ಅಟ್ಟಿಸಿಕೊಂಡು ಬರುವುದು, ಹೀಗೆ ತಪ್ಪಿಹೋದ ಪುಟವನ್ನು ಒಂದಕ್ಷರ ಬಿಡದೆ ಓದಿ ಮುಗಿಸಿದಳು.

ಡುಲ್ಸಿನ್ ಅಡುಗೆಮನೆಗೆ ಹೋಗಿ ಬ್ರೆಡ್ಡಿನ ಪ್ಯಾಕೆಟ್ ತಂದು, "ಇಲ್ಲಿ ಎಂತ ಬರೆದಿದೆ ಪುಟ್ಟಾ?" ಎಂದು ಕೇಳಿದರು.

"ಬ್ರೆಡ್."

ಸರಿಯೇ ಇತ್ತು. ಹಾಳೆಯೊಂದರಲ್ಲಿ ಅದೇ ಪದ ಬರೆದು ತೋರಿಸಿದರು. ಮೆಲಿಸಾ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅಜ್ಜಿಯ ಮುಖ ನೋಡಿದಳು. ಆ ಮುಖದಲ್ಲಿ ಉತ್ತರ ಹುಡುಕುವ ರೀತಿ ನೋಡಿದರೆ ಹುಡುಕಿ ರೂಢಿಯಾದವಳಂತಿತ್ತು.

"ಗ್ರ್ಯಾನಿ, ಇದಕ್ಕೆ ಚಿತ್ರ ಇಲ್ವಾ?"

ಡುಲ್ಸಿನ್ ಹಾಳೆಯನ್ನು ಮಡಚಿಟ್ಟರು. ಎಲ್ಲರೂ ಅಕ್ಷರ ಯಾವ ಕಡೆಗೆ ತಿರುಗಿದೆ ಎಂದು ನೋಡುತ್ತಾ ಕುಳಿತಿದ್ದರು. ಮಗುವಿಗೆ ಅಕ್ಷರಗಳನ್ನು ಕೂಡಿಸಿ ಓದಲು ಬರುತ್ತದೆಯೇ ಎಂದು ಒಬ್ಬರೂ ನೋಡಿರಲಿಲ್ಲ. ಕಿವಿಯಲ್ಲಿ ಕೇಳಿದ್ದನ್ನು ಬಾಯಿಪಾಠ ಮಾಡಿ, ಬೋರ್ಡಿನಲ್ಲಿದ್ದುದನ್ನು ಚಿತ್ರದ ಹಾಗೆ ಬಿಡಿಸಿ, ಮಗು ಬಹುಮಾನವನ್ನೇ ಗೆದ್ದುಕೊಂಡಿತ್ತು.

ಅಂದು ಸಂಜೆ ಅವರು ಬ್ರೆಂಡಾಗೆ ಹೇಳಿದರು: "ಮೆಲಿಸಾಗೆ ಓದಲು ಕಷ್ಟ ಉಂಟು. ಇದು ಅದರಷ್ಟಕ್ಕೆ ಸರಿ ಆಗುವಂಥದಲ್ಲ. ಗೊತ್ತಿದ್ದವರಿಗೆ ತೋರಿಸಬೇಕು."

ಬ್ರೆಂಡಾ ನಕ್ಕಳು. "ಮಮ್ಮಿ, ಇದ್ದದ್ದನ್ನು ನೀವೇ ಸರಿ ಮಾಡಿದ್ರಿ. ಈಗ ಇಲ್ಲದ್ದನ್ನು ನೀವೇ ಹುಡುಕ್ತೀರಾ?"

ಸಿಪ್ರಿಯನ್ ಪೇಪರಿನಿಂದ ತಲೆ ಎತ್ತಿದರು. "ಒಂದು ವರ್ಷ ಕಾದರೆ ಆಗ್ತದೆ. ನೀನೇ ಹೇಳುವುದಲ್ವಾ?"

ಡುಲ್ಸಿನ್ ಶಾಲೆಗೆ ಹೋಗಿ ಮೆಲಿಸಾಳ ಟೀಚರನ್ನೂ ಕೇಳಿದರು. ಆ ಎಳೆಯ ಟೀಚರಿಗೆ ಆಶ್ಚರ್ಯವಾಯಿತು. "ನಿಮ್ಮ ಮೊಮ್ಮಗಳಾ? ಕ್ಲಾಸಿನಲ್ಲೇ ಬೆಸ್ಟ್ ಹ್ಯಾಂಡ್‌ರೈಟಿಂಗ್ ಅವಳದ್ದು." ಏನೂ ಇಲ್ಲದಾಗ ಏನೂ ಇಲ್ಲವೆಂದರೆ ಯಾರೂ ನಂಬಿರಲಿಲ್ಲ. ಈಗ ಇದೆ ಎಂದರೂ ನಂಬುವವರಿಲ್ಲ. ಹಾಗೆಂದು ಊರಿನಲ್ಲಿ ಅವರ ಮಾತಿಗೆ ಬೆಲೆ ಇರಲಿಲ್ಲವೆಂದಲ್ಲ. ಆ ವಾರವೂ ಜಗಲಿಯಲ್ಲಿ ತಟ್ಟೆ ಹಿಡಿದು ತಾಯಂದಿರು ಕಾಯುತ್ತಿದ್ದರು.

ಪಂಪ್‌ವೆಲ್ ಬಳಿಯ ಒಂದು ಕಟ್ಟಡದ ಮೂರನೇ ಮಾಳಿಗೆಯಲ್ಲಿ ನಬೀಸಾ ಎಂಬ ಹೆಣ್ಣುಮಗಳು, ಕಲಿಯಲು ಕಷ್ಟಪಡುವ ಮಕ್ಕಳಿಗಾಗಿ ಒಂದು ಕೇಂದ್ರ ನಡೆಸುತ್ತಿದ್ದಳು. ಡುಲ್ಸಿನ್ ಟೀಚರ್ ಆ ಕೇಂದ್ರದ ಬಗ್ಗೆ ಹಲವು ಸಲ ಹಗುರವಾಗಿ ಮಾತನಾಡಿದ್ದರು. ಬ್ರೆಂಡಾ ಡ್ಯೂಟಿಗೆ ಹೋಗಿದ್ದ ಒಂದು ಶನಿವಾರ ಮೊಮ್ಮಗಳ ಕೈ ಹಿಡಿದು ಆ ಮೆಟ್ಟಿಲು ಹತ್ತಿದರು. ಕಾಯುವ ಕೋಣೆಯಲ್ಲಿ ಕೂತಿದ್ದ ಮೂವರು ತಾಯಂದಿರೂ ಒಂದಲ್ಲ ಒಂದು ದಿನ ಅವರ ಜಗಲಿಯಲ್ಲಿ ಕುಳಿತವರೇ.

"ಟೀಚರ್! ನೀವು ಇಲ್ಲಿ?"

"ಮೊಮ್ಮಗಳಿಗೆ," ಎಂದರು ಡುಲ್ಸಿನ್ ಟೀಚರ್. ಸುಳ್ಳು ಹೇಳಬಹುದಿತ್ತು, ಅಭ್ಯಾಸವಿತ್ತು. ಯಾಕೋ ಹೇಳಲಿಲ್ಲ.

ಮೆಲಿಸಾಳೊಡನೆ ಸ್ವಲ್ಪ ಹೊತ್ತು ಮಾತಾಡಿದ ನಬೀಸಾ, ತಾಯಿ ಬಾರದೆ ಮುಂದಿನ ಪರೀಕ್ಷೆ ಮಾಡುವಂತಿಲ್ಲ ಎಂದಳು. ಹಾಗಾಗಿ ಮುಂದಿನ ವಾರ ಬ್ರೆಂಡಾ ಬರಬೇಕಾಯಿತು. ಮುಖ ಊದಿಸಿಕೊಂಡೇ ಬಂದಳು. ನಬೀಸಾ ಅವಳ ಎದುರಿಗೇ ಮಗುವನ್ನು ಕೇಳಿದಳು: "ಮೆಲಿಸಾ, ಕ್ಯಾಟ್ ಎಂಬ ಶಬ್ದ ಉಂಟಲ್ಲ, ಅದರಿಂದ 'ಕ್' ತೆಗೆದರೆ ಎಂತ ಉಳೀತದೆ?"

ಮೆಲಿಸಾ ತುಂಬ ಯೋಚಿಸಿದಳು.

"ಬಾಲ."

ಬ್ರೆಂಡಾ ಗಟ್ಟಿಯಾಗಿ ನಕ್ಕಳು. ನಕ್ಕು ಸುತ್ತ ನೋಡಿದಾಗ ಬೇರಾರೂ ನಗುತ್ತಿರಲಿಲ್ಲ. ನಬೀಸಾ ಇನ್ನೊಂದು ಶಬ್ದ ಕೇಳಿದಳು, ಮತ್ತೊಂದು ಕೇಳಿದಳು. ಮೂರನೆಯದೂ ತಪ್ಪಿದಾಗ ಬ್ರೆಂಡಾ ಮಗಳನ್ನು ತೊಡೆಯ ಮೇಲೆ ಎಳೆದುಕೊಂಡಳು.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅದಕ್ಕೆ ಡಿಸ್ಲೆಕ್ಸಿಯಾ ಎಂಬ ಹೆಸರು ಬಂತು. ಬುದ್ಧಿಗೆ ಏನೂ ಕಡಿಮೆಯಿಲ್ಲ. ಶಬ್ದವನ್ನು ತುಂಡು ತುಂಡಾಗಿ ಕೇಳಿಸಿಕೊಳ್ಳುವುದು ಅವಳಿಗೆ ಕಷ್ಟ. ಕಲಿಸಿದರೆ ಬರುತ್ತದೆ, ನಿಧಾನವಾಗಿ, ಎಂದಳು ನಬೀಸಾ. ಅಕ್ಷರ ತಿರುಗಿಸಿ ಬರೆದದ್ದಕ್ಕೂ ಇದಕ್ಕೂ ದೊಡ್ಡ ಸಂಬಂಧವೇನಿಲ್ಲ ಎಂದೂ ಹೇಳಿದಳು.

ಬ್ರೆಂಡಾ ಹೊರಗೆ ಹೋದ ಮೇಲೆ ಡುಲ್ಸಿನ್ ಟೀಚರ್ ತಡೆಯಲಾರದೆ ಕೇಳಿದರು: "ಹೊರಗೆ ಅಷ್ಟು ಜನ ಕೂತಿದ್ದಾರಲ್ಲ, ಅವರ ಮಕ್ಕಳಿಗೆ ಎಂತ ಉಂಟು?"

ನಬೀಸಾ ತಲೆವಸ್ತ್ರ ಸರಿಪಡಿಸಿಕೊಂಡು ಬಾಗಿಲ ಕಡೆ ನೋಡಿದಳು. "ಹೆಚ್ಚಿನವರಿಗೆ ಎಂತ ಇಲ್ಲ ಟೀಚರ್. ಐದು ವರ್ಷದ ಮಕ್ಕಳು. ಬಿ ಬದಲು ಡಿ ಬರೀತಾರೆ. ಅದರಷ್ಟಕ್ಕೆ ಸರಿ ಆಗ್ತದೆ ಅಂದ್ರೆ ತಾಯಂದಿರು ಒಪ್ಪುವುದಿಲ್ಲ. ಬೇರೆ ಕಡೆ ಹೋಗಿ ಮಗುವಿನ ತಲೆ ತಿಂತಾರೆ."

"ಮತ್ತೆ ನೀನು ಎಂತ ಮಾಡ್ತೀ?"

ನಬೀಸಾಳ ಸ್ವರ ತಗ್ಗಿತು. "ಶೇವಿಂಗ್ ಫೋಮ್. ಟ್ರೇಯಲ್ಲಿ ಹರಡಿ ಬೆರಳಿನಲ್ಲಿ ಬರೆಸಿ ಅಂತ ಹೇಳ್ತೇನೆ."

ಕಾಯುವ ಕೋಣೆಯಲ್ಲಿದ್ದವರಿಗೆ ಒಳಗಿಂದ ಇಬ್ಬರು ಹೆಂಗಸರು ಬಿದ್ದು ಬಿದ್ದು ನಗುವುದು ಕೇಳಿಸಿತು.

ಸುದ್ದಿ ನಿಧಾನವಾಗಿ ಹೋಗಲಿಲ್ಲ. ಡುಲ್ಸಿನ್ ಟೀಚರ್ ಸ್ವಂತ ಮೊಮ್ಮಗಳನ್ನೇ ಸೆಂಟರಿಗೆ ಕರೆದುಕೊಂಡು ಹೋದರಂತೆ, ಹಾಗಾದರೆ ಮರಳಿನಲ್ಲಿ ಎಂತ ಇಲ್ಲವಂತೆ. ವರ್ಷಗಟ್ಟಲೆ ಅವರ ಬಾಯಿಂದಲೇ ಕೇಳಿ ನಂಬದಿದ್ದ ಮಾತನ್ನು ಊರು ಹೀಗೆ ಒಂದೇ ವಾರದಲ್ಲಿ ನಂಬಿತು. ಜಗಲಿ ಖಾಲಿಯಾಯಿತು. ಸಿಪ್ರಿಯನ್ನರಿಗೆ ಪೇಪರು ಓದಲು ಬೆಳಕಿರುವ ಕಡೆಯ ಕುರ್ಚಿ ಸಿಕ್ಕಿತು.

ಡುಲ್ಸಿನ್ ಟೀಚರರನ್ನು ಕಾಡಿದ್ದು ಅದಲ್ಲ. ಕಂಕನಾಡಿ ಮಾರ್ಕೆಟ್ಟಿನಲ್ಲಿ ಅವರು ಯಾವಾಗಲೂ ಮೀನು ಕೊಳ್ಳುವುದು ದಮಯಂತಿಯ ಬಳಿ. ಅವಳ ಮಗ ಕಮಲೇಶ್ ಬಹಳ ಹಿಂದೆ ಅವರ ಯುಕೆಜಿಯಲ್ಲಿದ್ದ. ಅವನೂ ಅಕ್ಷರ ಮಗುಚುತ್ತಿದ್ದ, ಅವನ ಅಮ್ಮನಿಗೂ ಅದರಷ್ಟಕ್ಕೆ ಸರಿ ಆಗ್ತದೆ ಎಂದಿದ್ದರು, ಸರಿಯೂ ಆಯಿತು. ಆಮೇಲೆ ಅವನು ಮೇಲಿನ ತರಗತಿಗಳಲ್ಲಿ ಓದಲಾಗದೆ, ಸೋಮಾರಿ ಎನ್ನಿಸಿಕೊಂಡು, ಎಂಟನೆಯದರಲ್ಲಿ ಶಾಲೆ ಬಿಟ್ಟ. ಈಗ ಬೈಕಂಪಾಡಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಾನೆ. ಅವನ ನೆನಪು ಅವರನ್ನು ಎಷ್ಟು ಚುಚ್ಚಿತೆಂದರೆ, ಒಂದು ಬೆಳಿಗ್ಗೆ ಬೂತಾಯಿ ಮೀನು ಆರಿಸುತ್ತಿದ್ದಂತೆ ಎಲ್ಲವನ್ನೂ ದಮಯಂತಿಗೆ ಹೇಳಿಬಿಟ್ಟರು. ಮೊಮ್ಮಗಳದ್ದು, ಅದರ ಹೆಸರು, ಕಮಲೇಶನಿಗೂ ಬಹುಶಃ ಅದೇ ಇದ್ದಿರಬಹುದೆಂಬುದು.

ದಮಯಂತಿ ಮೀನಿಗೆ ನೀರು ಚಿಮುಕಿಸುತ್ತಾ ಕೇಳಿಸಿಕೊಂಡಳು.

"ಅದಕ್ಕೆ ಹೆಸರು ಉಂಟಾ ಟೀಚರ್?"

"ಉಂಟು."

"ಆವಾಗಲೂ ಇತ್ತಾ?"

"ಇತ್ತು. ನನಗೆ ಹೊಳೆಯಲಿಲ್ಲ."

ದಮಯಂತಿ ನೀರಿನ ತಂಬಿಗೆ ಕೆಳಗಿಟ್ಟಳು. "ಹೆಸರು ಗೊತ್ತಿದ್ದಿದ್ರೆ ಅವನಿಗೆ ಪೆಟ್ಟು ಕಡಿಮೆ ಬೀಳ್ತಿತ್ತು," ಎಂದಳು. "ನೀವು ಹೊಡೀಲಿಲ್ಲ. ನಾನು ಹೊಡೆದದ್ದು." ಆಮೇಲೆ ತಕ್ಕಡಿ ಎತ್ತಿ, ದಿನವೂ ಕೇಳುವ ಸ್ವರದಲ್ಲೇ ಕೇಳಿದಳು: "ತಲೆ ತೆಗೆದು ಕೊಡುವುದಾ, ಹಾಗೇನಾ?"

ಡುಲ್ಸಿನ್ ಟೀಚರ್ ಚೀಲದ ಬಾಯಿ ಅಗಲಿಸಿ ಹಿಡಿದರು. ಅಂದು ಮನೆಗೆ ತಲೆಯಿರುವ ಮೀನೇ ಹೋಯಿತು.

ಈಗ ಅವರು ವಾರಕ್ಕೆರಡು ಸಂಜೆ ಮೆಲಿಸಾಳನ್ನು ನಬೀಸಾಳ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತಾರೆ. ಕಾಯುವ ಕೋಣೆಯಲ್ಲಿ ಹೊಸ ತಾಯಂದಿರ ಜತೆ ಮಾತಿಗೆ ಕೂರುತ್ತಾರೆ. ಎಂತ ಇಲ್ಲಮ್ಮ, ಸ್ವಲ್ಪ ಕಾಯಿರಿ, ಆದರೆ ಏಳರ ಮೇಲೂ ಓದು ಹತ್ತದಿದ್ದರೆ ಮಾತ್ರ ಕಾಯಬೇಡಿ, ಎನ್ನುತ್ತಾರೆ. ತಾಯಂದಿರು ಗೌರವದಿಂದ ಕೇಳಿ, ಒಳಗೆ ಹೋಗಿ ಫೋಮ್ ಬಗ್ಗೆ ವಿಚಾರಿಸುತ್ತಾರೆ.

ಮೆಲಿಸಾಗೆ ಈಗ ಒಂಬತ್ತು. ಹೋದ ತಿಂಗಳು ಕೇಂದ್ರದಿಂದ ಹಿಂದಿರುಗುವಾಗ ಪಂಪ್‌ವೆಲ್ ಸ್ಟಾಪಿನಲ್ಲಿ ನಾಗುರಿ ಕಡೆಯ ಬಸ್ಸಿಗೆ ನಿಂತಿದ್ದರು. ಬೋರ್ಡು ತಾನೇ ಓದುತ್ತೇನೆಂದು ಅವಳ ಹಟ. ನಾಗುರಿ ಮೇಲಾಗಿ ಹೋಗುವ ಬಸ್ಸು ಬಂತು. ಅವಳು ಮೊದಲ ಅಕ್ಷರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಕಂಡಕ್ಟರ್ ಫುಟ್‌ಬೋರ್ಡಿನಿಂದ ನೇತಾಡಿಕೊಂಡು, "ಪಡೀಲ್, ಅಡ್ಯಾರ್, ಫರಂಗಿಪೇಟೆ!" ಎಂದು ಕೂಗಿದ. ಮೆಲಿಸಾಳ ಕಣ್ಣಲ್ಲಿ ನೀರು ಬಂತು.

"ಅವನು ಹೇಳಿಬಿಟ್ಟ."

"ಬನ್ನಿ ಅಮ್ಮ, ಸೀಟು ಉಂಟು!" ಎಂದ ಕಂಡಕ್ಟರ್.

"ನಮಗೆ ಬೇಡ, ಹೋಗಪ್ಪ," ಎಂದರು ಡುಲ್ಸಿನ್ ಟೀಚರ್.

ಮುಂದಿನ ಬಸ್ಸಿನವನೂ ಕೂಗಿದ, ಅದನ್ನೂ ಬಿಟ್ಟರು. ಕಾಲು ನೋಯುತ್ತಿತ್ತು. ಫ್ಲೈಓವರಿನ ಮೇಲೆ ಲಾರಿಗಳು ಹೋಗುತ್ತಿದ್ದವು. ಮೂರನೇ ಬಸ್ಸಿನ ಕಂಡಕ್ಟರ್ ಫೋನಿನಲ್ಲಿ ಯಾರನ್ನೋ ಬೈಯುತ್ತಾ ಬಾಗಿಲಲ್ಲಿ ನಿಂತಿದ್ದ. ಊರಿನ ಹೆಸರು ಕೂಗಲು ಅವನಿಗೆ ಪುರುಸೊತ್ತಿರಲಿಲ್ಲ. ಮೆಲಿಸಾ ಬೋರ್ಡಿನ ಮೇಲೆ ಕಣ್ಣು ನೆಟ್ಟು, ಗಾಳಿಯಲ್ಲಿ ಬೆರಳು ಆಡಿಸುತ್ತಾ ಶುರು ಮಾಡಿದಳು.

"ತೊ... ತೊಕ್... ಕೊ..."

ಬಸ್ಸು ಹೊರಡಲು ಗುರ್ ಎಂದಿತು. ಡುಲ್ಸಿನ್ ಟೀಚರ್ ಡ್ರೈವರನಿಗೆ ನಿಲ್ಲೆಂದು ಕೈ ಅಡ್ಡ ತೋರಿಸಿದರು.

"ತೊಕ್ಕೊ... ಟ್... ತೊಕ್ಕೊಟ್ಟು!"

"ಹತ್ತುವುದಾ, ಎಂತ?" ಎಂದು ಡ್ರೈವರ್ ಕೇಳಿದ.

"ಇಲ್ಲ ಇಲ್ಲ, ನೀವು ಹೋಗಿ," ಎಂದು ಅವನಿಗೆ ಹೇಳಿ, ಮೊಮ್ಮಗಳ ಕಡೆ ತಿರುಗಿದರು. "ಪುಟ್ಟಾ, ಇದು ನಮ್ಮ ಕಡೆಯದ್ದಲ್ಲ, ತೊಕ್ಕೊಟ್ಟಿನದ್ದು."

"ಗೊತ್ತುಂಟು ಗ್ರ್ಯಾನಿ," ಎಂದಳು ಮೆಲಿಸಾ, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬ ದನಿಯಲ್ಲಿ. "ನಾನು ಓದಿದೆ ಅಲ್ವಾ?"